ಸೋಮವಾರದ ಸೀಟು

ಹೂವಯ್ಯನ ಬಿ.ಎಸ್ಸಿ. ಪರೀಕ್ಷೆಯ ನಂಬರು ಪೇಪರಿನಲ್ಲಿ ಬಂದ ದಿನ ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುವವರು ಇಬ್ಬರೇ ಇದ್ದರು. ಒಬ್ಬ ನನ್ನ ತಮ್ಮನ ಮಗ ಹೂವಯ್ಯ, ಇನ್ನೊಬ್ಬಳು ಅವನ ತಂಗಿ ಸರೋಜ. ಇಬ್ಬರೂ ಬಾಯಿ ಬಿಡಲಿಲ್ಲ.

ಅದು ಅರವತ್ತೇಳನೆಯ ಇಸವಿ, ಮೇ ತಿಂಗಳ ಕೊನೆ. ನಮ್ಮದು ಮೂಲದಲ್ಲಿ ತೀರ್ಥಹಳ್ಳಿ ಕಡೆ. ಆನಂದಪುರದಲ್ಲಿ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯಲ್ಲಿ ನನ್ನ ತಮ್ಮ ವಾಸಪ್ಪ ಅಕ್ಕಿ ಮಿಲ್ಲು ಹಾಕಿದ್ದ. ಮಿಲ್ಲಿನ ಹಿಂದೆಯೇ ಮನೆ. ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಗೆ ಬಂದು ಆಗಲೇ ಇಪ್ಪತ್ತು ವರ್ಷವಾಗಿತ್ತು. ನಾನು ಓದಿದ್ದು ಎರಡನೆಯ ಕ್ಲಾಸು. ವಾಸಪ್ಪ ಓದಿದ್ದು ನಾಲ್ಕು. ಅವನ ಹೆಂಡತಿ ತುಂಗಮ್ಮನಿಗೆ ಅದೂ ಇಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ತರಿಸಿದ ಇಂಗ್ಲಿಷ್ ಪೇಪರನ್ನು ವಾಸಪ್ಪ ಜಗಲಿಯ ಮೇಲೆ ಹಾಸಿಕೊಂಡು ಕೂತ. ಪೇಪರಿನ ತುಂಬ ಅಂಕಿಗಳು. ಮೂಟೆಯ ತೂಕ ಬರೆದು ಪಳಗಿದವನಿಗೆ ಅಂಕಿ ಓದುವುದು ಕಷ್ಟವಲ್ಲ. ಬೆರಳಿಟ್ಟುಕೊಂಡು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಲ್ಲಿಸಿದ.

"ಸಿಕ್ತು. ನಾಕು ಸಾವಿರದ ನೂರಾ ಇಪ್ಪತ್ತೇಳು. ನಿಂದೇ ಅಲ್ವೇನೋ?"

"ಹೂಂ, ನನ್ ನಂಬರೇ," ಅಂದ ಹೂವಯ್ಯ.

ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಸರೋಜ ತಲೆ ಎತ್ತಿ ಅಣ್ಣನ ಮುಖ ನೋಡಿದಳು. ಅವನು ಬೇಡ ಎಂಬಂತೆ ತಲೆ ಆಡಿಸಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾನದನ್ನು ಕಂಡೆ. ಅಣ್ಣತಂಗಿಯರ ಏನೋ ವಿಷಯ ಅಂದುಕೊಂಡು ಒಳಗೆ ಹೋದೆ.

ಆ ನಂಬರುಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ತಲೆಬರಹವಿತ್ತಂತೆ. ವಾಸಪ್ಪನ ಬೆರಳು ಅದನ್ನು ದಾಟಿ ಬಂದಿತ್ತು.

ಒಂದು ವಾರದೊಳಗೆ ಮಿಲ್ಲಿನ ಮುಂದೆ ಬೋರ್ಡು ಬಂತು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: ಕೆ. ವಿ. ಹೂವಯ್ಯ, ಬಿ.ಎಸ್ಸಿ. ಮಿಲ್ಲು ಓಡಿಸುವ ಬೆಳ್ಳಪ್ಪ ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಾ ಕೇಳಿದ.

"ಗೌಡ್ರೆ, ಮಿಲ್ಲು ನಿಮ್ದು, ಹೆಸ್ರು ಮಗಂದಾ?"

"ಮಿಲ್ಲು ಯಾರ್ ಬೇಕಾದ್ರೂ ಇಡ್ತಾರೆ ಕಣೋ. ಹೆಸ್ರಿನ ಮುಂದೆ ಆ ಅಕ್ಷರ ಹಾಕ್ಕೊಳೋರು ಈ ರಸ್ತೆಲಿ ಯಾರಿದಾರೆ ಹೇಳು ನೋಡನ."

ಹೂವಯ್ಯ ಒಳಗೆ ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ. ಅವನು ಹೊರಗೆ ಬಂದು ಬೋರ್ಡು ನೋಡಲಿಲ್ಲ.

ಸರೋಜಳ ಪಿ.ಯು.ಸಿ. ಫಲಿತಾಂಶವೂ ಅದೇ ಹೊತ್ತಿಗೆ ಬಂತು. ದಿನಾ ರೈಲಿನಲ್ಲಿ ಸಾಗರಕ್ಕೆ ಹೋಗಿ ಬಂದು ಓದಿದ ಹುಡುಗಿ. ಸೈನ್ಸ್ ತಗೊಂಡು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ತುಂಗಮ್ಮ ಅವಳ ಕೈಗೆ ಒಂದು ಚೂರು ಬೆಲ್ಲ ಕೊಟ್ಟು, "ಹಂಗೇ ಒಂದು ಕೊಡ ನೀರು ತಂದ್ಬಿಡು," ಅಂದಳು. ಆಗ ಸಾಗರದಲ್ಲಿ ಪಿ.ಯು.ಸಿ. ಆದ ಮೇಲೆ ಸೈನ್ಸ್ ಮುಂದುವರಿಸುವ ಅನುಕೂಲ ಇರಲಿಲ್ಲ. ಸರೋಜ ಶಿವಮೊಗ್ಗಕ್ಕೆ ತಾನೇ ಅರ್ಜಿ ಹಾಕಿದಳು. ಅವಳಿಗೆ ಗಿಡಮರದ ಶಾಸ್ತ್ರ ಕಲಿಸಿದ್ದ ಮೀನಾಕ್ಷಮ್ಮ ಅನ್ನುವ ಲೆಕ್ಚರರ್ ಒಬ್ಬರಿದ್ದರು. ಅವರ ಹಾಗೆ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವುದು ಅವಳ ಆಸೆ. ಜುಲೈ ಮೂರನೆಯ ತಾರೀಕು, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಷಕರ ಜೊತೆ ಬರಬೇಕು ಅಂತ ಕಾಲೇಜಿನಿಂದ ಕಾರ್ಡು ಬಂತು. ವಾಸಪ್ಪ ಖುಷಿಯಲ್ಲಿದ್ದ ದಿನಗಳು ಅವು. "ಹೋಗನ ಬಿಡು. ಮನೇಲಿ ಇಬ್ರು ಬಿ.ಎಸ್ಸಿ. ಆಗ್ಲಿ," ಅಂದ.

ಜೂನ್ ಮಧ್ಯದಲ್ಲಿ ಹೊಸನಗರದ ಕಡೆಯಿಂದ ಹೂವಯ್ಯನಿಗೆ ಸಂಬಂಧ ಬಂತು. ಮುಕುಂದಯ್ಯ ಅಂತ, ಒಳ್ಳೆಯ ಮನೆ. ಡಿಗ್ರಿ ಆದ ಹುಡುಗನೇ ಬೇಕು ಅಂತ ಮಗಳಿಗೆ ಎರಡು ವರ್ಷದಿಂದ ಹುಡುಕುತ್ತಿದ್ದರು. ಮನೆ ನೋಡಿಕೊಂಡು ಹೋಗಲು ಮುಕುಂದಯ್ಯ ತನ್ನ ತಮ್ಮ ಚಂದ್ರಯ್ಯನನ್ನೂ ಕರಕೊಂಡು ಬಂದರು. ಚಂದ್ರಯ್ಯ ಹೈಸ್ಕೂಲ್ ಮೇಷ್ಟ್ರು.

ಕೋಳಿ ಸಾರು, ಕಡುಬು ಮಾಡಿದ್ದೆವು. ಎಲೆಯ ಮುಂದೆ ಕೂತು ಮಾತು ಚೆನ್ನಾಗಿಯೇ ನಡೆದಿತ್ತು. ಚಂದ್ರಯ್ಯ ಮೇಷ್ಟ್ರು ಕಡುಬು ಮುರಿಯುತ್ತಾ ಹೂವಯ್ಯನ ಕಡೆ ತಿರುಗಿದರು.

"ಯಾವ ಕ್ಲಾಸು ಬಂತು?"

"ಸೆಕೆಂಡ್ ಕ್ಲಾಸು. ಆಪ್ಷನಲ್ಸಲ್ಲಿ."

"ಓಹೋ. ಲ್ಯಾಂಗ್ವೇಜಸ್ ಹೋದ ವರ್ಷವೇ ಮುಗಿದಿತ್ತು ಹಾಗಾದ್ರೆ."

ನಾನು ಸಾರು ಬಡಿಸಲು ಬಗ್ಗಿದ್ದೆ. ಹೂವಯ್ಯ ಎಲೆಯ ಮೇಲೆ ಅಡ್ಡ ಕೈ ಹಿಡಿದ.

"ಕನ್ನಡ ಆಗಿದೆ," ಅಂದ.

"ಇಂಗ್ಲಿಷು?"

"ಸೆಪ್ಟೆಂಬರಿಗೆ ಕಟ್ತೀನಿ."

ವಾಸಪ್ಪ ನಕ್ಕ. "ಎಂತ ಕಟ್ಟೋದೋ? ಪಾಸಾಗಿದೀಯಲ್ಲ. ನಂಬರು ನೋಡಿದ್ದು ನಾನೇ, ಮೇಷ್ಟ್ರೆ."

ಚಂದ್ರಯ್ಯ ಮೇಷ್ಟ್ರು ಕೆಟ್ಟವರಲ್ಲ. ಎಲ್ಲರಿಗೂ ತಿಳಿಯಲಿ ಅಂತ ನಿಧಾನವಾಗಿ ಹೇಳಿದರು. "ಗೌಡ್ರೆ, ನಮ್ಮ ಕಾಲದಲ್ಲಿ ಇಂಟರ್‌ಮೀಡಿಯೇಟ್ ಎರಡು ವರ್ಷ, ಡಿಗ್ರಿ ಎರಡು ವರ್ಷ ಇತ್ತು. ಈಗ ಪಿ.ಯು.ಸಿ. ಒಂದು, ಡಿಗ್ರಿ ಮೂರು ಮಾಡಿದಾರೆ. ಆ ಮೂರು ವರ್ಷದಲ್ಲಿ ಪರೀಕ್ಷೆ ಎರಡು ಭಾಗ. ಎರಡನೇ ವರ್ಷದ ಕೊನೆಗೆ ಭಾಷೆಗಳು, ಮೂರನೇ ವರ್ಷದ ಕೊನೆಗೆ ಆಪ್ಷನಲ್ಸು, ಅಂದ್ರೆ ವಿಷಯಗಳು. ನೀವು ಪೇಪರಲ್ಲಿ ನೋಡಿದ್ದು ವಿಷಯ ಪಾಸಾದವರ ನಂಬರು. ಭಾಷೆನೂ ಪಾಸಾಗಬೇಕು. ಎರಡೂ ಸೇರಿದ್ರೆ ಡಿಗ್ರಿ."

"ಮೂರು ವರ್ಷ ಶಿವಮೊಗ್ಗದಲ್ಲಿ ಕೂತು ಓದಿದಾನಲ್ಲ?"

"ಓದಿದಾರೆ, ಇಲ್ಲ ಅನ್ನಲ್ಲ. ಆದ್ರೆ ಯೂನಿವರ್ಸಿಟಿಯವರು ಇವತ್ತು ಇವರನ್ನ ಪಿ.ಯು.ಸಿ. ಅಂತಲೇ ಹೇಳೋದು."

ಅಡಿಗೆಮನೆಯ ಬಾಗಿಲಿನ ಮರೆಯಿಂದ ತುಂಗಮ್ಮ ಕೇಳಿದಳು. "ಅಷ್ಟು ಓದಿದ್ದಕ್ಕೆ ಅರ್ಧನಾದ್ರೂ ಕೊಡಲ್ವಾ?"

"ಅರ್ಧ ಡಿಗ್ರಿ ಅಂತ ಇಲ್ಲ ತಾಯಿ."

ಮುಕುಂದಯ್ಯ ಊಟ ಮುಗಿಸಿ ಎಲೆ ಮಡಿಚಿದರು. ಅಡಿಕೆ ಹಾಕಿಕೊಳ್ಳುತ್ತಾ, "ಅವಸರ ಎಂತದು? ಇಂಗ್ಲಿಷು ಆಗ್ಲಿ, ದೀಪಾವಳಿ ಕಳೀಲಿ, ಮಾತಾಡನ," ಅಂದರು. ಹೊರಗೆ ಹೋಗುವಾಗ ಇಬ್ಬರೂ ಬೋರ್ಡಿನ ಕೆಳಗೇ ಹಾದು ಹೋದರು. ಮೇಲೆ ನೋಡದೆ ಹೋಗುವಷ್ಟು ಮರ್ಯಾದಸ್ಥರು.

ಅವರ ಗಾಡಿ ರಸ್ತೆ ತಿರುಗುವವರೆಗೆ ವಾಸಪ್ಪ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ಒಳಗೆ ಬಂದ.

"ಬೋರ್ಡು ಬರೆಸ್ತಾ ಇದ್ದಾಗ ನಿನ್ ಬಾಯಿಗೆ ಎಂತ ಬಡಿದಿತ್ತು?"

"ನೀವು ಕೇಳ್ಲಿಲ್ಲ. ನಂಬರು ನಿಂದೇನಾ ಅಂದ್ರಿ, ಹೂಂ ಅಂದೆ," ಅಂದ ಹೂವಯ್ಯ.

"ಹೂಂ ಅಂದ್ಯಾ? ಬೀಗರಾಗೋರ ಎದುರು ನನ್ನ ಮುಖಕ್ಕೆ ಮಸಿ ಬಳಿದು ಹೂಂ ಅಂದೆ ಅಂತೀಯಾ?" ವಾಸಪ್ಪ ಹೆಗಲ ಟವಲ್ಲು ತೆಗೆದು ಮಗನ ಮುಖಕ್ಕೆ ಎಸೆದ. ಆಮೇಲೆ ಸರೋಜಳ ಕಡೆ ತಿರುಗಿದ. "ನಿಂಗೆ ಗೊತ್ತಿತ್ತೇನೆ?"

"ಗೊತ್ತಿತ್ತು. ಅಣ್ಣಯ್ಯ ಹೇಳ್ಬೇಡ ಅಂದ."

"ಒಂದೇ ಮನೇಲಿ ಇಬ್ರು ಕಳ್ರು."

ತುಂಗಮ್ಮ ನಡುವೆ ಬಂದಳು. "ಕೂಗಾಡಿದ್ರೆ ಇಂಗ್ಲಿಷು ಬರ್ತದಾ? ಸಾಗರದಿಂದ ಯಾರಾದ್ರೂ ಮೇಷ್ಟ್ರನ್ನ ಕರೆಸಿ ಹೇಳಿಸಿ."

"ಮೇಷ್ಟ್ರು ದಿನಾ ಬಂದ್ರೆ ಊರೋರು ಕೇಳಲ್ವಾ? ಬಿ.ಎಸ್ಸಿ. ಆದವ್ನಿಗೆ ಮೇಷ್ಟ್ರು ಎಂತಕ್ಕೆ ಅಂತ?" ವಾಸಪ್ಪ ಸರೋಜಳ ಕಡೆ ಕೈ ತೋರಿಸಿದ. "ಇವಳಿಗೆ ಇಂಗ್ಲಿಷಲ್ಲಿ ಎಷ್ಟು ಬಂದಿದೆ?"

"ಎಪ್ಪತ್ತೊಂದು," ಅಂದ ಹೂವಯ್ಯ. ಅವನು ಹೇಳಬಾರದಿತ್ತು.

"ಸರಿ ಹೋಯ್ತು. ಇವಳೇ ಹೇಳ್ಕೊಡ್ಲಿ. ಮನೆ ಮಾತು ಮನೇಲೇ ಇರ್ತದೆ. ಇವಳ ಕಾಲೇಜು ಬರೋ ವರ್ಷ ನೋಡ್ಕೊಳನ."

ಸರೋಜ ಮೊದಲು ನಂಬಲಿಲ್ಲ. "ಮೂರನೇ ತಾರೀಕು ಕರೆದಿದಾರೆ ಅಪ್ಪಯ್ಯ."

"ಕರೆದ್ರೆ? ಬರೋ ವರ್ಷನೂ ಕರೀತಾರೆ. ನಿನ್ನ ಪಿ.ಯು.ಸಿ. ಎಲ್ಲಿಗೂ ಓಡಿ ಹೋಗಲ್ಲ."

"ನಾನು ಓದಿದ್ದು ಪಿ.ಯು.ಸಿ. ಇಂಗ್ಲಿಷು. ಅವನಿಗೆ ಬೇಕಾಗಿದ್ದು ಡಿಗ್ರಿದು."

"ಇಂಗ್ಲಿಷು ಎಲ್ಲಾದ್ರೂ ಇಂಗ್ಲಿಷೇ."

"ಶನಿವಾರ ಭಾನುವಾರ ಬಂದು ಹೇಳ್ಕೊಡ್ತೀನಿ."

"ವಾರಕ್ಕೆ ಎರಡು ದಿನದಲ್ಲಿ ಇವನ ತಲೆಗೆ ಎಂತ ಹತ್ತೋದು? ಮೂರು ವರ್ಷಕ್ಕೇ ಹತ್ತಿಲ್ಲ."

"ಅಣ್ಣನ ಮದುವೆ ಒಂದು ಆಗ್ಲಿ ಕಣೆ," ಅಂದಳು ತುಂಗಮ್ಮ. "ನಿಂದು ಆಮೇಲೆ."

"ನಾನು ಕೇಳ್ತಾ ಇರೋದು ಮದುವೆ ಅಲ್ಲವ್ವ."

ನಾನು ಎಲೆಗಳನ್ನೆತ್ತಿ ನೆಲ ಒರೆಸುತ್ತಿದ್ದೆ. ಮನೆಗೆ ಹಿರಿಯವಳು ನಾನೇ. ಒರೆಸಿದ ಜಾಗವನ್ನೇ ಇನ್ನೊಂದು ಸಲ ಒರೆಸಿದೆ.

ಮರುದಿನದಿಂದ ಪಾಠ ಶುರುವಾಯಿತು. ಬೆಳಿಗ್ಗೆ ಗಂಜಿ ಆದ ಮೇಲೆ ಅಡಿಗೆಮನೆಯ ಹಿಂದಿನ ಗೋಡೆಗೆ ಹೊಂದಿದ ಚಿಟ್ಟೆ ಕಟ್ಟೆಯ ಮೇಲೆ ಕೂರುವುದು. ಮಿಲ್ಲಿಗೆ ಬಂದವರ ಕಣ್ಣಿಗೆ ಬೀಳದ ಜಾಗ ಅದೊಂದೇ. ಸರೋಜ ರುಬ್ಬುತ್ತಲೋ ಸೊಪ್ಪು ಬಿಡಿಸುತ್ತಲೋ ಹೇಳಿಕೊಡುತ್ತಿದ್ದಳು. ಅಣ್ಣನಿಗೆ ಪಾಠ ಮಾಡುತ್ತಾಳೆ ಅಂತ ಅವಳ ಕೆಲಸವನ್ನು ಯಾರೂ ಕಡಿಮೆ ಮಾಡಿರಲಿಲ್ಲ.

ಹೂವಯ್ಯ ದಡ್ಡನಲ್ಲ. ಮಿಲ್ಲಿನ ಇಂಜಿನ್ನು ಕೆಟ್ಟರೆ ಪೂರ್ತಿ ಬಿಚ್ಚಿ ಜೋಡಿಸುತ್ತಿದ್ದ. ಇಂಗ್ಲಿಷ್ ಪುಸ್ತಕ ತೆಗೆದರೆ ಮಾತ್ರ ಬೆವರುತ್ತಿದ್ದ.

"ಈ ಪದ್ಯದಲ್ಲಿ ಹಕ್ಕಿ ಎಂತಕ್ಕೆ ಅಳ್ತದೆ ಅಂತ ಬರೀಬೇಕಂತೆ. ನಂಗೆಂತ ಗೊತ್ತು? ಯಾವ ದೇಶದ ಹಕ್ಕಿನೋ ಏನೋ."

"ಹಕ್ಕಿ ಅಳಲ್ಲ. ಬರೆದವನು ಅಳ್ತಾನೆ. ಬರಿ."

"ಫಿಸಿಕ್ಸ್ ಓದೋನಿಗೆ ಇದು ಎಂತಕ್ಕೆ ಬೇಕು ಹೇಳು."

"ನಂಗೂ ಬೇಡವಾಗಿತ್ತು. ಬರಿ."

"ಭಾರಿ ಆಯ್ತು ಕಣೆ ನಿನ್ನ ದರ್ಬಾರು. ಪಿ.ಯು.ಸಿ. ಮೇಡಂ."

"ನಿಂದೂ ಅದೇ ಅಂದ್ರಲ್ಲ ಚಂದ್ರಯ್ಯ ಮೇಷ್ಟ್ರು. ಇಬ್ರೂ ಒಂದೇ ಕ್ಲಾಸಲ್ಲಿದೀವಿ. ಬರಿ."

ಅವನು ಬರೆಯುತ್ತಿದ್ದ. ಅವಳು ತಿದ್ದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಪೆನ್ಸಿಲ್ಲು ಹಿಡಿದು ಅಡ್ಡ ಗೀಟು ಹಾಕಿ ಹಾಳೆ ವಾಪಸು ಎಸೆಯುತ್ತಿದ್ದಳು. ಒಂದೇ ಪತ್ರವನ್ನು ಎಂಟು ಸಲ ಬರೆಸಿದಳು. ಅವಳ ಸಿಟ್ಟು ಹೋಗುವುದಕ್ಕೆ ಅದೊಂದೇ ದಾರಿ ಇತ್ತು.

ಮೂರನೆಯ ತಾರೀಕು ಸೋಮವಾರ ಬೆಳಿಗ್ಗೆ ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಜಗಲಿಗೆ ಬಂದಳು. ವಾಸಪ್ಪ ನೋಡಿ, "ಯಾರ ಮನೆಗೆ?" ಅಂದ. ಅವಳು ಕಾರ್ಡು ಮುಂದೆ ಹಿಡಿದಳು. ಅವನು ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಮಿಲ್ಲಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಶಿವಮೊಗ್ಗದ ರೈಲು ಕೂಗಿತು. ಅವಳು ಅದೇ ಸೀರೆಯಲ್ಲಿ ಬಂದು ರುಬ್ಬುವ ಕಲ್ಲಿನ ಮುಂದೆ ಕೂತಳು. ಆ ದಿನ ಉಪ್ಪಿಲ್ಲದ ದೋಸೆ ತಿಂದೆವು.

ಜುಲೈ ಇಪ್ಪತ್ತೆರಡು, ಶನಿವಾರ ಮಧ್ಯಾಹ್ನ ಸಾಗರದ ಕಡೆಯಿಂದ ಬಂದ ರೈಲಿನಲ್ಲಿ ಇಳಿದು ಮೀನಾಕ್ಷಮ್ಮ ನೇರ ನಮ್ಮ ಮಿಲ್ಲಿಗೆ ನಡೆದು ಬಂದರು. ಕಪ್ಪು ಕೊಡೆ, ಕನ್ನಡಕ, ಸಣ್ಣ ಆಳು. ಬತ್ತ ತಂದವರು ಐದಾರು ಜನ ಅಲ್ಲಿ ಕೂತಿದ್ದರು. ವಾಸಪ್ಪ ಬೆಂಚು ಒರೆಸಿ ಕೂರಿಸಿ ಕಾಫಿಗೆ ಕೂಗಿದ.

"ಸರೋಜ ಇಂಟರ್‌ವ್ಯೂಗೆ ಯಾಕೆ ಹೋಗಲಿಲ್ಲ ಅಂತ ಕೇಳಕ್ಕೆ ಬಂದೆ. ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದವರು ಇದಾರೆ, ಅವರ ಹತ್ರ ಮಾತಾಡಿದೀನಿ. ಬಿ.ಎಸ್ಸಿ.ಯಲ್ಲಿ ಇನ್ನೂ ಮೂರು ಸೀಟು ಇದೆಯಂತೆ. ಸೋಮವಾರ ಕರಕೊಂಡು ಹೋಗಿ. ಈ ಕಾಗದ ಕೊಡಿ, ಸೇರಿಸ್ಕೊಳ್ತಾರೆ."

"ಹುಡುಗಿಗೆ ಮೈಯಲ್ಲಿ ಹುಷಾರಿಲ್ಲ ಮೇಡಂ. ಬಾಳ ನಿತ್ರಾಣ. ಈ ವರ್ಷ ಆಗೋದಲ್ಲ."

"ಅಯ್ಯೋ, ಏನಾಯ್ತು?"

ಕಾಫಿ ತಂದದ್ದು ಸರೋಜಳೇ. ಲೋಟವನ್ನು ಮೀನಾಕ್ಷಮ್ಮನವರ ಕೈಗೆ ಕೊಟ್ಟು ಅಲ್ಲೇ ನಿಂತಳು.

"ನಂಗೆ ಏನೂ ಆಗಿಲ್ಲ ಮೇಡಂ. ಅಣ್ಣಯ್ಯಂಗೆ ಇಂಗ್ಲಿಷು ಉಳ್ಕೊಂಡಿದೆ. ಅವನು ಬಿ.ಎಸ್ಸಿ. ಆಗಿಲ್ಲ. ಅವನಿಗೆ ಹೇಳ್ಕೊಡಕ್ಕೆ ಅಂತ ನನ್ನ ಮನೇಲಿ ಇಟ್ಕೊಂಡಿದಾರೆ."

ಜೋರಾಗಿ ಹೇಳಲಿಲ್ಲ. ಆದರೆ ಬತ್ತ ತಂದವರೆಲ್ಲ ಕೇಳಿಸಿಕೊಂಡರು. ಒಬ್ಬ ತಲೆ ಎತ್ತಿ ಬೋರ್ಡು ನೋಡಿದ. ಬೆಳ್ಳಪ್ಪ ಬೆಲ್ಟು ನಿಲ್ಲಿಸಿದ.

ಮೀನಾಕ್ಷಮ್ಮ ಕಾಫಿ ಕುಡಿಯದೆ ಲೋಟ ಕೆಳಗಿಟ್ಟರು. "ಗೌಡ್ರೆ, ನಿಮ್ಮ ಮಗನಿಗೆ ಒಂದು ಪಾರ್ಟು ಉಳಿದಿದೆ, ಸೆಪ್ಟೆಂಬರಲ್ಲಿ ಆಗ್ಲಿಲ್ಲ ಅಂದ್ರೆ ಮಾರ್ಚಲ್ಲಿ ಕಟ್ಟಬಹುದು. ಇವಳ ಸೀಟು ಹಾಗಲ್ಲ." ಕಾಗದವನ್ನು ಲೋಟದ ಪಕ್ಕ ಇಟ್ಟು ಎದ್ದರು. ಸ್ಟೇಷನ್ನಿಗೆ ಹೋಗುವಾಗ ಹಿಂದೆ ತಿರುಗಿ, "ಸೋಮವಾರ," ಅಂದರು.

ಅವರು ಹೋದ ಮೇಲೆ ವಾಸಪ್ಪ ಒಳಗೆ ಬಂದು ಕೈ ಎತ್ತಿದ. ತುಂಗಮ್ಮ ಅಡ್ಡ ಬಂದಳು. ಏಟು ಅವಳ ಭುಜಕ್ಕೆ ಬಿತ್ತು.

"ಬಿಡವ್ವ. ಹೊಡೀಲಿ," ಅಂದಳು ಸರೋಜ. "ಇನ್ನು ಮುಚ್ಚಿಡೋದು ಏನೂ ಇಲ್ಲ. ಯಾರಾದ್ರೂ ಮೇಷ್ಟ್ರನ್ನ ಕರೆಸಿ. ನನ್ನ ಕಳಿಸಿ."

"ಈಗ ಖಂಡಿತ ಕಳಿಸಲ್ಲ. ಸೋಮವಾರ ಅಲ್ಲ, ಯಾವ ವಾರನೂ ಕಳಿಸಲ್ಲ. ಬಾಳ ಮಾತು ಕಲಿಸಿದೆ ನಿನ್ನ ಕಾಲೇಜು."

ಸಂಜೆ ಅವನೇ ಏಣಿ ಇಟ್ಟು ಬೋರ್ಡು ಕಿತ್ತು ಬಚ್ಚಲೊಲೆಗೆ ಹಾಕಿದ. ಬಣ್ಣ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಆ ನೀರಿನಲ್ಲಿ ಸ್ನಾನ ಮಾಡಲು ಹೂವಯ್ಯ ಒಪ್ಪಲಿಲ್ಲ.

ಮೀನಾಕ್ಷಮ್ಮನವರ ಕಾಗದವನ್ನು ನಾನು ತೆಗೆದಿಟ್ಟುಕೊಂಡಿದ್ದೆ.

ಸೋಮವಾರ ಬಂತು. ಬೆಳಿಗ್ಗೆ ನಾನು ರೊಟ್ಟಿ ಸುಡುತ್ತಿದ್ದೆ. ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ಸರೋಜ ಒಲೆಯ ಆಚೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಕಾವಲಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ತಮ್ಮನ ಮನೆಯ ಅನ್ನ ತಿನ್ನುವವಳು, ಅವನಿಗೆ ಎದುರು ಹೋಗುವುದು ಹೇಗೆ ಅಂದುಕೊಂಡೆ. ರೈಲು ಕೂಗಿತು, ಹೋಯಿತು. ರೊಟ್ಟಿ ಇಪ್ಪತ್ತಾಗಿದ್ದವು.

ಅವತ್ತಿನಿಂದ ಸರೋಜ ಪಾಠ ನಿಲ್ಲಿಸಿದಳು. ಹೂವಯ್ಯ ಪುಸ್ತಕ ಹಿಡಿದು ಬಂದರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದಳು. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ವಾಸಪ್ಪ ಹೇಳಿದ.

"ಪಾಠ ಮಾಡದೆ ಇದ್ರೆ ಅವಳಿಗೆ ಊಟ ಇಲ್ಲ."

ತುಂಗಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ನಾನು ಆ ಮನೆಗೆ ಬಂದಾಗಿನಿಂದ ಅವಳು ಗಂಡನ ಮಾತನ್ನು ಹೀಗೆ ನೇರ ಕಡಿದದ್ದು ಕೇಳಿರಲಿಲ್ಲ.

"ನನ್ನ ಒಲೆ ಮುಂದೆ ಊಟ ಇಲ್ಲ ಅನ್ನಕ್ಕೆ ನೀವ್ಯಾರು? ಮಿಲ್ಲಲ್ಲಿ ಹೇಳ್ಕೊಳಿ ಅದನ್ನ."

"ಎಂತ ಅಂದೆ?"

"ಅಂದಿದ್ದು ಕೇಳಿಸ್ತಲ್ಲ. ಮಗನ ಮದುವೆ ಆಗ್ಲಿ ಅಂತ ನಾನೂ ತಲೆ ಆಡಿಸ್ದೆ. ಅದಕ್ಕೆ ಈ ಹುಡುಗಿನ ಉಪವಾಸ ಕೆಡವಕ್ಕೆ ಹೇಳಿರ್ಲಿಲ್ಲ." ಸರೋಜಳ ತಟ್ಟೆಗೆ 'ಸಾಕು' ಅಂದರೂ ಬಿಡದೆ ಅನ್ನ ಸುರಿದಳು. ವಾಸಪ್ಪ ಅರ್ಧಕ್ಕೇ ಕೈ ತೊಳೆದುಕೊಂಡು ಎದ್ದ.

ಬುಧವಾರ ಮಧ್ಯಾಹ್ನ ನಾನು, ಸರೋಜ ಹಿಂದಿನ ಚಿಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆವು. ಹೂವಯ್ಯ ಬಂದು ನಿಂತ.

"ಅತ್ತೆಮ್ಮ, ನಾನು ಹೆಂಗೋ ಓದ್ಕೊಳ್ತೀನಿ. ನೀನು ಇವಳನ್ನ ಕರ್ಕೊಂಡು ಹೋಗು."

"ನೀನೇ ಹೋಗೋ. ಅಣ್ಣ ನೀನು."

"ನಾನು ಹೋದ್ರೆ ಅಪ್ಪಯ್ಯ ಸುಮ್ನಿರಲ್ಲ."

ಸರೋಜ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದು. "ಇವನಿಗೆ ಅಪ್ಪಯ್ಯನ ಹೆದ್ರಿಕೆ. ಅಪ್ಪಯ್ಯನಿಗೆ ಊರಿನ ಹೆದ್ರಿಕೆ. ನಿಂಗೆ ಯಾರ ಹೆದ್ರಿಕೆ ಅತ್ತೆಮ್ಮ? ನಿನ್ನ ಯಾರೂ ಬೈಯೋದೇ ಇಲ್ಲ. ನೀನು ಸುಮ್ನಿರ್ತೀಯಲ್ಲ, ಅದಕ್ಕೆ."

ಅಷ್ಟು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ತಾಳ್ಮೆಯವಳು ಅಂತ ಎಲ್ಲರೂ ಹೊಗಳುತ್ತಿದ್ದರು.

ಗುರುವಾರ ಬೆಳಿಗ್ಗೆ ಸೀರೆ ಬದಲಾಯಿಸಿ, ಕಾಗದ ಸೆರಗಿಗೆ ಕಟ್ಟಿಕೊಂಡು, ಸರೋಜಳನ್ನು ಮುಂದೆ ಬಿಟ್ಟುಕೊಂಡು ಹೊರಟೆ. ತುಂಗಮ್ಮ ತನ್ನ ಹತ್ತಿರ ಇದ್ದ ಹಣವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ವಾಸಪ್ಪ ಜಗಲಿಯಲ್ಲಿ ರೊಟ್ಟಿ ತಿನ್ನುತ್ತಿದ್ದ.

"ಎಲ್ಲಿಗೆ ಅಕ್ಕಯ್ಯ?"

"ಶಿವಮೊಗ್ಗಕ್ಕೆ."

"ಯಾರನ್ನ ಕೇಳಿ?"

"ನಾನು ನಿನ್ನ ಅಕ್ಕ ಕಣೋ. ನಿನ್ನ ಕೇಳ್ಬೇಕಾ?"

"ಹೋದವರು ವಾಪಸು ಬರೋದು ಬೇಡ."

"ಆಯ್ತು," ಅಂದೆ.

ಕಾಲೇಜಿನ ಆಫೀಸಿನಲ್ಲಿ ಒಂದು ಕಿಟಕಿ, ಅದರ ಹಿಂದೆ ಒಬ್ಬ ಗುಮಾಸ್ತ. ಕಾಗದ ತೆಗೆದುಕೊಂಡು ಓದಿ, ದಪ್ಪ ಪುಸ್ತಕ ತಿರುವಿದ.

"ಸೈನ್ಸ್ ಭರ್ತಿ ಆಗಿದೆಯಲ್ಲಮ್ಮ. ಸೋಮವಾರ ಸಂಜೆ ತನಕ ಇಟ್ಕೊಂಡಿದ್ವಿ. ಮಂಗಳವಾರ ಬೇರೆಯವರಿಗೆ ಕೊಟ್ಟಾಯ್ತು. ಬಿ.ಎ.ಯಲ್ಲಿ ಜಾಗ ಇದೆ, ಬೇಕಾ?"

ಸರೋಜ ಕಿಟಕಿಯ ಕಂಬಿ ಹಿಡಿದಳು. "ಈಗ ಬಿ.ಎ. ಸೇರಿ, ಬರೋ ವರ್ಷ ಸೈನ್ಸಿಗೆ ಬದಲಾಯಿಸ್ಕೊಳ್ಬೌದಾ?"

"ಸೈನ್ಸ್ ಓದಿದವರು ಆರ್ಟ್ಸಿಗೆ ಬರಬಹುದು. ಆರ್ಟ್ಸಿಂದ ಸೈನ್ಸಿಗೆ ಹೋಗಕ್ಕಾಗಲ್ಲ. ಎಂ.ಎಸ್ಸಿ.ಗೂ ಬಿ.ಎಸ್ಸಿ.ನೇ ಆಗಿರಬೇಕು. ಯೋಚನೆ ಮಾಡಿ ಹೇಳಿ. ಒಂದೂವರೆಗೆ ಕಿಟಕಿ ಮುಚ್ತೀವಿ."

ಕಾಲೇಜಿನ ಮೆಟ್ಟಿಲ ಮೇಲೆ ಕೂತೆವು. ಹುಡುಗರು ಹತ್ತುತ್ತಿದ್ದರು, ಇಳಿಯುತ್ತಿದ್ದರು.

"ಬರೋ ವರ್ಷ ಮೊದಲೇ ಬರನ. ನಾನೇ ಕರ್ಕೊಂಡು ಬರ್ತೀನಿ," ಅಂದೆ.

"ಬರೋ ವರ್ಷ ಆ ಮನೆಯಿಂದ ನಾನು ಹೊರಡಕ್ಕಾಗ್ತದೆ ಅಂತ ನಿಂಗೆ ಅನ್ಸುತ್ತಾ?"

ಅವಳು ಎದ್ದು ಹೋಗಿ ಬಿ.ಎ. ಫಾರಂ ತಂದು ಗೋಡೆಗೆ ಒತ್ತಿ ಹಿಡಿದು ತುಂಬಿದಳು. ಚರಿತ್ರೆ, ಅರ್ಥಶಾಸ್ತ್ರ, ಇನ್ನೂ ಯಾವುದೋ ಒಂದು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಪೆನ್ನು ಎರಡು ಕಡೆ ಹಾಳೆ ಹರಿಯಿತು. ಪೋಷಕರ ಸಹಿ ಅನ್ನುವ ಜಾಗದಲ್ಲಿ ನಾನು ನಾಲ್ಕು ಅಕ್ಷರ ಬರೆದೆ. ಅದೇ ನಾಲ್ಕು ಅಕ್ಷರವನ್ನು ಸೋಮವಾರ ಬರೆದಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಮನೆಗೆ ಬಂದಾಗ ವಾಸಪ್ಪ ನಮ್ಮನ್ನು ಹೊರಗೇನೂ ಹಾಕಲಿಲ್ಲ. ಊಟದ ಹೊತ್ತಿಗೆ ಕೇಳಿದ.

"ಸಿಕ್ತಾ?"

"ಬಿ.ಎ. ಸಿಕ್ತು," ಅಂದೆ.

"ಯಾವ್ದಾದ್ರೂ ಡಿಗ್ರಿನೇ. ಇದಕ್ಕೆ ಇಷ್ಟು ಗಲಾಟೆ ಮಾಡಿದ್ರಿ." ಇನ್ನೂ ಎರಡು ಸೌಟು ಸಾರು ಹಾಕಿಸಿಕೊಂಡ.

ಭಾನುವಾರ ಸರೋಜ ಟ್ರಂಕು ತಗೊಂಡು ಹುಡುಗಿಯರ ಹಾಸ್ಟೆಲಿಗೆ ಹೋದಳು. ಈಗ ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ಹೂವಯ್ಯನಿಗೆ ಸಾಗರದಿಂದ ಮೇಷ್ಟ್ರನ್ನು ಗೊತ್ತು ಮಾಡಿದರು. ಅದನ್ನು ಜೂನಿನಲ್ಲೇ ಮಾಡಬಹುದಿತ್ತು. ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದ, ಪಾಸಾಗಲು ಬೇಕಾದಷ್ಟು ಅಂಕ ಬಂತು, ಅದಕ್ಕಿಂತ ಒಂದೂ ಹೆಚ್ಚು ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಮುಕುಂದಯ್ಯನವರು ಮಾತಿನಂತೆ ಬಂದರು. ಫೆಬ್ರವರಿಯಲ್ಲಿ ಮದುವೆ ಆಯಿತು. ಕರೆಯೋಲೆಯಲ್ಲಿ ಹೂವಯ್ಯನ ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಅಚ್ಚಾಗಿತ್ತು. ಈ ಸಲ ಅದು ನಿಜ.

ಮದುವೆಯಾಗಿ ಮೂರನೆಯ ದಿನ ನಮ್ಮ ಮನೆಯಲ್ಲಿ ಬೀಗರ ಊಟ. ಹೊಸನಗರದ ಕಡೆಯಿಂದ ಅರವತ್ತು ಜನ ಬಂದಿದ್ದರು. ಮಿಲ್ಲಿನ ಅಂಗಳದಲ್ಲಿ ಚಪ್ಪರ ಹಾಕಿ ಎಲೆ ಹಾಕಿದ್ದೆವು. ಸರೋಜ ಎರಡು ದಿನದ ರಜಕ್ಕೆ ಬಂದಿದ್ದಳು. ಹೊಸ ಅತ್ತಿಗೆಯ ಪಕ್ಕ ಅವಳನ್ನು ಊಟಕ್ಕೆ ಕೂರಿಸಿದ್ದರು. ಎದುರು ಸಾಲಿನಲ್ಲಿ ಚಂದ್ರಯ್ಯ ಮೇಷ್ಟ್ರು, ಅವರ ಪಕ್ಕದಲ್ಲಿ ವಾಸಪ್ಪ. ನಾನು ಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಬರುತ್ತಿದ್ದೆ.

"ನೀನೇನಮ್ಮ ಓದ್ತಾ ಇರೋದು?" ಅಂತ ಮೇಷ್ಟ್ರು ಸರೋಜಳನ್ನು ಕೇಳಿದರು.

"ಬಿ.ಎ. ಮೊದಲನೇ ವರ್ಷ."

"ಪಿ.ಯು.ಸಿ.ಯಲ್ಲಿ ಸೈನ್ಸು, ಫಸ್ಟ್ ಕ್ಲಾಸು ಅಂದಿದ್ರು ಯಾರೋ. ಮತ್ತೆ ಆರ್ಟ್ಸಿಗೆ ಯಾಕೆ ಹೋದೆ?"

ಸರೋಜ ಬಾಯಿ ತೆರೆಯುವ ಮೊದಲೇ ವಾಸಪ್ಪ ಹೇಳಿದ. "ಅವಳಿಗೇ ಇಷ್ಟ ಮೇಷ್ಟ್ರೆ. ಸೈನ್ಸು ಕಷ್ಟ, ಬೇಡ ಅಂತ ಹಠ ಮಾಡಿ ಹೋದ್ಲು. ಈಗಿನ ಹುಡುಗೀರು ನಮ್ಮ ಮಾತು ಎಲ್ಲಿ ಕೇಳ್ತಾರೆ?"

ಕೂತವರು ನಕ್ಕರು. ಸರೋಜ ಎಲೆಯ ಮೇಲಿನ ಕಡುಬನ್ನು ಚೂರು ಚೂರು ಮಾಡುತ್ತಿದ್ದಳು, ತಿನ್ನುತ್ತಿರಲಿಲ್ಲ.

ನಾನು ಆಗ ಮೇಷ್ಟ್ರ ಎಲೆಯ ಮುಂದೆ ಬಗ್ಗಿದ್ದೆ. ಪಾತ್ರೆ ಕೆಳಗಿಟ್ಟೆ.

"ಸುಳ್ಳು ಹೇಳ್ಬೇಡ ವಾಸಪ್ಪ," ಅಂದೆ. "ಮೇಷ್ಟ್ರೆ, ಇವಳಿಗೆ ಬೇಕಾಗಿದ್ದು ಬಿ.ಎಸ್ಸಿ. ಸೀಟೂ ಇತ್ತು. ಅಣ್ಣನಿಗೆ ಇಂಗ್ಲಿಷು ಹೇಳಿಕೊಡ್ಲಿ ಅಂತ ನಾವು ಇವಳನ್ನ ಒಲೆ ಮುಂದೆ ಕೂರಿಸಿದ್ವಿ. ಸೀಟು ಇದ್ದ ಕೊನೇ ದಿನ, ಸೋಮವಾರ, ಕರ್ಕೊಂಡು ಹೋಗ್ಬೌದಾಗಿತ್ತು. ನಾನು ರೊಟ್ಟಿ ಸುಡ್ತಾ ಕೂತಿದ್ದೆ."

ಹೂವಯ್ಯ ಮದುಮಗನ ರುಮಾಲಿನಲ್ಲಿ ತಲೆ ತಗ್ಗಿಸಿದ. ವಾಸಪ್ಪ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಮೇಲೆ ಅವನು ನನ್ನ ಜೊತೆ ನಾಲ್ಕು ವರ್ಷ ಮಾತಾಡಲಿಲ್ಲ.

ಸರೋಜ ತಲೆ ಎತ್ತಲಿಲ್ಲ. ಮೇಷ್ಟ್ರು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಸಾರು ಸಾಕು ಅಂದರು. ನಾನು ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.